ಸ್ಕೋರರ್ ಎಂದು ಬರೆಸಿಕೊಂಡ ಕ್ಯಾಚರ್

ಕಳೆದ ಮಾರ್ಚ್ ತಿಂಗಳ ಒಂದು ಮಂಗಳವಾರ ಲೀಲಾ ಹೊಸಮನಿಗೆ ಅವಳ ಬೇಸ್‌ಬಾಲ್ ಕ್ಲಬ್ಬಿನಿಂದ ಎರಡು ಇಮೇಲ್ ಬಂದವು. ಮೊದಲನೆಯದು ಎಲ್ಲ ಸದಸ್ಯರಿಗೂ ಕಳಿಸಿದ್ದು. ಕ್ರೀಕ್‌ಸೈಡ್ ಕ್ಲಬ್ಬಿನ ಇತಿಹಾಸದಲ್ಲೇ ಅತಿ ದೀರ್ಘಕಾಲ ಆಡಿದ ಆಟಗಾರ ಡೀನ್ ಇಪ್ಪತ್ತಮೂರು ಸೀಸನ್ ಪೂರೈಸಿದ್ದಾನೆ, ಮೇ ತಿಂಗಳಲ್ಲಿ ಅವನಿಗೆ ಸನ್ಮಾನದ ಊಟ, ಎಲ್ಲರೂ ಬನ್ನಿ ಎಂದು ಅದರಲ್ಲಿತ್ತು. ಎರಡನೆಯದು ಲೀಲಾಗೆ ಮಾತ್ರ. ಆ ದಿನ ನಿಮ್ಮ ರುಚಿಯಾದ ಸಮೋಸ ಎರಡು ಟ್ರೇ ಮಾಡಿ ತರಲಾದೀತೇ ಎಂದು ಕೇಳಿದ್ದರು.

ಆ ಮಂಗಳವಾರದ ಹೊತ್ತಿಗೆ ಲೀಲಾ ಅದೇ ಕ್ಲಬ್ಬಿಗೆ ಇಪ್ಪತ್ತಾರು ಸೀಸನ್ ಆಡಿ ಮುಗಿಸಿದ್ದಳು.

ಇದನ್ನು ನಾನು ಸಮಾಧಾನದಿಂದ ಬರೆಯುತ್ತಿಲ್ಲ. ಸಮಾಧಾನವಾಗುವವರೆಗೆ ಕಾಯೋಣವೆಂದು ಏಳು ತಿಂಗಳು ಕಾದೆ, ಆಗಲಿಲ್ಲ. ಲೀಲಾ ನನ್ನ ಹಳೆಯ ಫ್ಲ್ಯಾಟ್‌ಮೇಟ್. 1999ರಲ್ಲಿ ನಾವಿಬ್ಬರೂ ಓದಲೆಂದು ಆಕ್ಲೆಂಡಿಗೆ ಬಂದವರು. ಸ್ಯಾಂಡ್ರಿಂಗಮ್‌ನ ಒಂದು ಮರದ ಮನೆಯಲ್ಲಿ, ಕಿಟಕಿ ಸರಿಯಾಗಿ ಮುಚ್ಚಿಕೊಳ್ಳದ ಒಂದೇ ಕೋಣೆಯಲ್ಲಿ ಎರಡು ವರ್ಷ ಮಲಗಿದವರು. ನಾನು ಮೈಸೂರಿನವಳು, ಇಲ್ಲಿ ಎಕ್ಸ್-ರೇ ತೆಗೆಯುವ ಕೆಲಸ ಮಾಡುತ್ತೇನೆ. ಅವಳು ಹುಬ್ಬಳ್ಳಿಯವಳು. ಗದಗ ರಸ್ತೆಯ ರೈಲ್ವೆ ಕ್ವಾರ್ಟರ್ಸ್‌ನಲ್ಲಿ ಬೆಳೆದವಳು. ಅವಳ ಅಪ್ಪ ರೈಲ್ವೆ ವರ್ಕ್‌ಶಾಪಿನಲ್ಲಿ ಫಿಟ್ಟರ್. ಶಾಲೆಯಲ್ಲಿದ್ದ ಪಿ.ಟಿ. ಮೇಡಂ ಒಬ್ಬರು ಹುಡುಗಿಯರಿಗೆ ಸಾಫ್ಟ್‌ಬಾಲ್ ಕಲಿಸುತ್ತಿದ್ದರಂತೆ. ಲೀಲಾ ಅದನ್ನು ಹಿಡಿದವಳು ಬಿಡಲೇ ಇಲ್ಲ. ವಿಶ್ವವಿದ್ಯಾಲಯದ ತಂಡದಲ್ಲಿ ಮೂರು ವರ್ಷ ಆಡಿದಳು. ಇಲ್ಲಿಗೆ ಬರುವಾಗ ಸೂಟ್‌ಕೇಸಿನಲ್ಲಿ ಚೆಂಡು ಹಿಡಿಯುವ ತನ್ನ ಚರ್ಮದ ಕೈಗವಸು, ಅಂದರೆ ಮಿಟ್, ಇಟ್ಟುಕೊಂಡು ಬಂದಿದ್ದಳು. ಅದರ ಹೊಲಿಗೆಯ ಸಂದಿಯಲ್ಲಿ ಮಣ್ಣಿದೆ ಎಂದು ವಿಮಾನ ನಿಲ್ದಾಣದ ಅಧಿಕಾರಿ ಅದನ್ನು ಒಳಗೆ ಒಯ್ದು, ತೊಳೆದು, ಒರೆಸಿ ವಾಪಸು ಕೊಟ್ಟನಂತೆ. ಚರ್ಮ ಬಿರುಸಾಯಿತೆಂದು ಅವಳು ವಾರಗಟ್ಟಲೆ ಅದಕ್ಕೆ ಕೊಬ್ಬರಿ ಎಣ್ಣೆ ತಿಕ್ಕುತ್ತಿದ್ದಳು. ಕೋಣೆಯೆಲ್ಲ ಅದೇ ವಾಸನೆ.

ಆ ವರ್ಷದ ನವೆಂಬರಿನ ಒಂದು ಭಾನುವಾರ ಚರ್ಚ್ ಮುಗಿಸಿ ಬಸ್ಸಿನಲ್ಲಿ ಬರುತ್ತಿದ್ದಾಗ ಅವಳಿಗೆ ಕಿಟಕಿಯಿಂದ ಒಂದು ಮೈದಾನ ಕಂಡಿತು. ಅಲ್ಲಿ ಗ್ಲವ್ ಹಾಕಿಕೊಂಡವರು ಓಡಾಡುತ್ತಿದ್ದರು. ಮುಂದಿನ ಸ್ಟಾಪಿನಲ್ಲಿ ಇಳಿದು, ಸೀರೆಯಲ್ಲೇ ಹಿಂದಕ್ಕೆ ನಡೆದು ಹೋದಳು. ಅದು ಕ್ರೀಕ್‌ಸೈಡ್ ಕ್ಲಬ್ಬಿನ ಮೂರನೇ ದರ್ಜೆಯ ತಂಡ. ಕೋಚ್ ಹೇಮಿ ಎಂಬ ಮಾವೋರಿ ಮನುಷ್ಯ, ಹಗಲು ಬಸ್ ಓಡಿಸುತ್ತಿದ್ದವರು. ಅವರ ಕ್ಯಾಚರ್ ಅಂದು ಬಂದಿರಲಿಲ್ಲ. ಕ್ಯಾಚರ್ ಎಂದರೆ ನಮ್ಮ ವಿಕೆಟ್ ಕೀಪರ್ ಇದ್ದ ಹಾಗೆ, ಆದರೆ ಬ್ಯಾಟ್ ಬೀಸುವವನಿಗೆ ಇನ್ನೂ ಹತ್ತಿರ, ಪಂದ್ಯ ಮುಗಿಯುವ ತನಕ ಕುಕ್ಕರುಗಾಲಿನಲ್ಲಿ ಕೂರಬೇಕು. ಚೆಂಡು ಎಸೆಯುವ ಪಿಚರ್‌ಗೆ ಏನು ಎಸೆಯಬೇಕೆಂದು ಬೆರಳಿನಿಂದ ಹೇಳುವವರೂ ಅವರೇ.

ಲೀಲಾ ಹೇಮಿಯ ಹತ್ತಿರ ಹೋಗಿ, ನಾನು ಕೂರುತ್ತೇನೆ ಎಂದಳು. ಅವರು ಅವಳ ಸೀರೆ ನೋಡಿದರು, ಮುಖ ನೋಡಿದರು, ಮುಂದಿನ ಭಾನುವಾರ ಪ್ಯಾಂಟ್ ಹಾಕಿಕೊಂಡು ಬಾ ಎಂದರು.

ಮುಂದಿನ ಭಾನುವಾರ ಅವಳ ಜೊತೆ ನಾನೂ ಹೋದೆ. ಹುಡುಗಿಯೊಬ್ಬಳೇ ಗೊತ್ತಿಲ್ಲದ ಗಂಡಸರ ನಡುವೆ ಹೋಗುವುದು ಬೇಡ ಅನ್ನುವುದು ನನ್ನ ಲೆಕ್ಕ. ಅವಳು ಮೊಣಕಾಲಿಗೆ, ಎದೆಗೆ ಕವಚ ಕಟ್ಟಿ, ಮುಖಕ್ಕೆ ಜಾಲರಿ ಹಾಕಿ ಕೂತಳು. ಸಾಫ್ಟ್‌ಬಾಲಿಗಿಂತ ಈ ಚೆಂಡು ಸಣ್ಣದು, ಗಟ್ಟಿ, ಮೇಲಿನಿಂದ ಎಸೆಯುತ್ತಾರೆ. ಮೊದಲ ನಾಲ್ಕು ಚೆಂಡು ಅವಳ ಎದೆಗೇ ಬಡಿದವು. ಐದನೆಯದನ್ನು ಹಿಡಿದಳು. ಆಮೇಲಿನದೆಲ್ಲವನ್ನೂ ಹಿಡಿದಳು. ಸಂಜೆ ಹೇಮಿ ಒಂದು ನೋಂದಣಿ ಫಾರಂ ತಂದರು. ಅದರಲ್ಲಿ ಆಟಗಾರ ಎಂಬ ಖಾನೆಯ ಕೆಳಗೆ ಗಂಡಸರು ಎಂದು ಮಾತ್ರ ಇತ್ತು. ಹೆಂಗಸರಿಗೆ ಖಾನೆಯೇ ಇಲ್ಲ. ಹೆಂಗಸರು ಬರಬಾರದೆಂದು ಯಾರೂ ಬರೆದಿರಲಿಲ್ಲ, ಬರುತ್ತಾರೆಂದು ಯಾರೂ ಎಣಿಸಿರಲಿಲ್ಲ ಅಷ್ಟೆ.

ಹೇಮಿ ಪೆನ್ನು ಅವಳ ಕೈಗೆ ಕೊಟ್ಟು, "ಸ್ಕೋರರ್ ಅಂತ ಗುರುತು ಹಾಕು. ಯಾರು ನೋಡ್ತಾರೆ" ಎಂದರು.

ಲೀಲಾ ಗುರುತು ಹಾಕಿದಳು. ಆ ಒಂದು ಗುರುತಿಗೆ ಅವಳಿಂದ ಏಳು ಸೀಸನ್ ಕಸಿದುಕೊಳ್ಳುವ ಶಕ್ತಿ ಇದೆಯೆಂದು ಅಂದು ಯಾರಿಗೂ ತಿಳಿಯಲಿಲ್ಲ.

ಸ್ಕೋರರ್ ಎಂದು ನೋಂದಾಯಿಸಿದವಳು ಬ್ಯಾಟ್ ಬೀಸುವವನು ನಿಲ್ಲುವ ಹೋಮ್ ಪ್ಲೇಟಿನ ಹಿಂದೆ ಕೂತರೆ ಸ್ಕೋರ್ ಬರೆಯುವವರು ಯಾರು? ನಾನು. ಹೇಮಿ ನನಗೆ ಎರಡು ಭಾನುವಾರದಲ್ಲಿ ಕಲಿಸಿಕೊಟ್ಟರು. ಬೇಸ್‌ಬಾಲಿನ ಸ್ಕೋರ್ ಪುಸ್ತಕದಲ್ಲಿ ಪ್ರತಿ ಜಾಗಕ್ಕೂ ಒಂದು ಸಂಖ್ಯೆ. ಪಿಚರ್ ಒಂದು, ಕ್ಯಾಚರ್ ಎರಡು. ಏಳು ವರ್ಷ ನಾನು ಪೆನ್ಸಿಲಿನಲ್ಲಿ ಎಲ್. ಹೊಸಮನಿ, ಎರಡು ಎಂದು ಬರೆದೆ. ಎದುರು ತಂಡದವರಿಗೆ ಗೊತ್ತಿತ್ತು. ಅಂಪೈರ್‌ಗಳಿಗೆ ಗೊತ್ತಿತ್ತು, ಅವಳ ಬೆನ್ನ ಹಿಂದೆಯೇ ನಿಲ್ಲುತ್ತಿದ್ದವರಿಗೆ ಗೊತ್ತಿರದೆ ಇರುತ್ತದೆಯೇ. ಒಬ್ಬರಾದರೂ ಆಕ್ಷೇಪ ಎತ್ತಲಿಲ್ಲ. 2006ರಲ್ಲಿ ಫಾರಂ ಬದಲಾಯಿತು, ಗಂಡಸರು ಎಂಬ ಪದ ಹೋಯಿತು. ಆ ವರ್ಷದಿಂದ ಅವಳು ಆಟಗಾರ್ತಿ ಎಂದೇ ಗುರುತು ಹಾಕುತ್ತ ಬಂದಳು.

ಈ ಆಟದಲ್ಲಿ ಬಹಳ ವರ್ಷ ಉಳಿಯುವುದು ಸಣ್ಣ ಮಾತಲ್ಲ. ಅಮೆರಿಕದಲ್ಲಿ ನಲವತ್ತೊಂಬತ್ತರ ವಯಸ್ಸಿನಲ್ಲೂ ಚೆಂಡೆಸೆದ ಪಿಚರ್‌ಗಳಿದ್ದಾರೆ, ಜನ ಅವರ ಸೀಸನ್‌ಗಳನ್ನು ಬಾಯಿಪಾಠ ಹೇಳುತ್ತಾರೆ. ಆದರೆ ಕ್ಯಾಚರ್‌ಗಳು ನಲವತ್ತು ದಾಟುವುದೇ ಅಪರೂಪ, ಮೊಣಕಾಲು ಬಿಡುವುದಿಲ್ಲ. ಲೀಲಾಗೆ ಈಗ ನಲವತ್ತೊಂಬತ್ತು. ಅದು ಹೇಗೆ ಸಾಧ್ಯವಾಯಿತೆಂದು ನಾನು ಕಣ್ಣಾರೆ ನೋಡಿದ್ದೇನೆ. ಈಸ್ಟ್ ತಮಾಕಿಯ ಒಂದು ಪ್ಲಾಸ್ಟಿಕ್ ಅಚ್ಚಿನ ಕಾರ್ಖಾನೆಯಲ್ಲಿ ಅವಳು ಗುಣಮಟ್ಟ ಪರೀಕ್ಷಕಿ. ಬೆಳಿಗ್ಗೆ ಆರಕ್ಕೆ ಪಾಳಿ. ಅದಕ್ಕೂ ಮುಂಚೆ ಫ್ಲ್ಯಾಟ್ ಬುಷ್ ಬಡಾವಣೆಯ ಮನೆಯ ಗ್ಯಾರೇಜಿನಲ್ಲಿ ಬಾತುಕೋಳಿಯ ಹಾಗೆ ಕೂತೇ ನಡೆಯುವ ವ್ಯಾಯಾಮ, ಗೋಡೆಯಿಂದ ಗೋಡೆಗೆ ಮೂವತ್ತು ಸಲ. ಸಂಜೆ ಮೊಣಕಾಲ ಮೇಲೆ ಫ್ರೋಜನ್ ಬಟಾಣಿಯ ಚೀಲ. ಗಂಡ ಚೇತನ್ ಸಾಫ್ಟ್‌ವೇರಿನವನು, ಆಟದ ಗಂಧ ಇಲ್ಲದವನು, ಆದರೂ ಆ ಚೀಲದ ಬಟಾಣಿಯನ್ನು ಸಾರಿಗೆ ಹಾಕಬಾರದೆಂದು ಕಲಿತುಕೊಂಡ. ಮಗಳು ಪೂರ್ವಿ ಹುಟ್ಟಿದ್ದು 2005ರ ಆಗಸ್ಟಿನಲ್ಲಿ. ಅಕ್ಟೋಬರಿನಲ್ಲಿ ಶುರುವಾಗುವ ಸೀಸನ್ನಿನ ಮೊದಲ ಮೂರು ತಿಂಗಳು ಲೀಲಾ ಬರಲಿಲ್ಲ. ಜನವರಿಯಲ್ಲಿ ಬಂದಳು, ಮಗು ನನ್ನ ತೊಡೆಯ ಮೇಲೆ, ಸ್ಕೋರ್ ಪುಸ್ತಕ ಮಗುವಿನ ಮೇಲೆ.

ಅವಳ ಕೈಗಳ ಎಕ್ಸ್-ರೇಯನ್ನು ನಾನೇ ನಾಲ್ಕು ಸಲ ತೆಗೆದಿದ್ದೇನೆ. ಎರಡೂ ಕೈ ಸೇರಿ ಏಳು ಕಡೆ ಮುರಿದು ಕೂಡಿದ ಗುರುತಿದೆ. ಬಲಗೈ ಕಿರುಬೆರಳು ಹೊರಕ್ಕೆ ತಿರುಗಿಯೇ ಇದೆ. ಅದು 2004ರ ಮಾರ್ಚಿನದು, ಮೂರನೇ ದರ್ಜೆಯ ಫೈನಲ್. ಕೊನೆಯ ಸರದಿ, ಒಂದೇ ರನ್ನಿನ ಮುನ್ನಡೆ, ಮೂರನೇ ಬೇಸಿನಿಂದ ತೊಂಬತ್ತು ಕಿಲೋ ತೂಕದವನೊಬ್ಬ ರನ್ ಗಳಿಸಲು ಹೋಮ್ ಪ್ಲೇಟಿಗೆ ನುಗ್ಗಿದ. ಲೀಲಾ ದಾರಿ ಬಿಡಲಿಲ್ಲ. ಧೂಳು ಇಳಿದಾಗ ಅವನು ಮೇಲೆ, ಇವಳು ಕೆಳಗೆ, ಚೆಂಡು ಮಾತ್ರ ಮಿಟ್ಟಿನಲ್ಲೇ ಇತ್ತು, ಅವನು ಔಟ್. ಕ್ರೀಕ್‌ಸೈಡ್ ಆ ದರ್ಜೆಯಲ್ಲಿ ಗೆದ್ದ ಒಂದೇ ಒಂದು ಕಪ್ ಅದು.

ಆ ಪಂದ್ಯದಲ್ಲಿ ಪಿಚರ್ ಆಗಿದ್ದವನು ಡೀನ್. 2002ರಲ್ಲಿ ಇಪ್ಪತ್ತರ ವಯಸ್ಸಿನಲ್ಲಿ ತಂಡಕ್ಕೆ ಬಂದವನು. ತೋಳಿನಲ್ಲಿ ಬಲ ಇತ್ತು, ಗುರಿ ಇರಲಿಲ್ಲ. ಇಡೀ ಒಂದು ಚಳಿಗಾಲ, ಶನಿವಾರ ಶನಿವಾರ, ಲೀಲಾ ಅವನೆದುರು ಕೂತು ಮಿಟ್ಟನ್ನು ಅಲುಗಿಸದೆ ಹಿಡಿದುಕೊಂಡಿದ್ದಳು. ಇಲ್ಲಿಗೆ ಹಾಕು, ಮತ್ತೆ ಇಲ್ಲಿಗೇ ಹಾಕು. ಅವನು ಒಳ್ಳೆಯ ಹುಡುಗ, ಅವಳ ಮಾತು ಕೇಳಿದ, ಒಳ್ಳೆಯ ಪಿಚರ್ ಆದ. ಅದರಲ್ಲಿ ನನಗೆ ತಕರಾರಿಲ್ಲ.

ಈಗ ಮಾರ್ಚಿಗೆ ಬರುತ್ತೇನೆ. ಇಮೇಲ್ ಓದಿ ಲೀಲಾ ನನಗೆ ಫೋನ್ ಮಾಡಿದಳು.

"ಡೀನ್‌ಗೆ ಸನ್ಮಾನ ಅಂತ ನೋಡು. ಇಪ್ಪತ್ತಮೂರು ಸೀಸನ್. ಎಲ್ಲಾರಕಿಂತ ಹೆಚ್ಚು ಅಂತ ಬರದಾರ."

"ನೀನು ಇಪ್ಪತ್ತಾರು ಅಲ್ವೇನೆ?"

"ಅದನ್ನ ಕೇಳಾಕ ಫೋನ್ ಮಾಡೀನಿ. ನಾನ ಏನಾರ ತಪ್ಪು ಎಣಿಸೀನೇನು?"

ಇಪ್ಪತ್ತಾರು ವರ್ಷ ಮಣ್ಣಲ್ಲಿ ಕೂತೆದ್ದವಳಿಗೆ ತನ್ನ ಎಣಿಕೆಯ ಮೇಲೆ ಅನುಮಾನ ಬಂದಿತ್ತು. ನನಗೆ ಮೊದಲು ಸಿಟ್ಟು ಬಂದದ್ದು ಆ ಕ್ಷಣದಲ್ಲಿ.

ಅವಳು ಅಧ್ಯಕ್ಷ ಬ್ರೆಂಟ್‌ಗೆ ವಿನಯವಾಗಿಯೇ ಬರೆದಳು. ಬ್ರೆಂಟ್ ಆರು ವರ್ಷದ ಹಿಂದೆ ಕ್ಲಬ್ಬಿಗೆ ಬಂದವನು. ಕಟ್ಟಡದ ಗುತ್ತಿಗೆದಾರ, ಹಿಂದೆ ಸಾಮಾನು ಹೇರುವ ಒಂದು ಬಿಳಿ ಯೂಟ್ ಗಾಡಿ, ಎಲ್ಲರ ಬೆನ್ನು ತಟ್ಟುವ ಅಭ್ಯಾಸ. ಅವನ ಉತ್ತರ ಮರುದಿನವೇ ಬಂತು. ದಾಖಲೆಯ ಪ್ರಕಾರ ನೀವು ಹತ್ತೊಂಬತ್ತು ಸೀಸನ್ ಆಟಗಾರ್ತಿ, ಅದಕ್ಕೆ ಮುಂಚಿನ ಏಳು ಸೀಸನ್ ಸ್ಕೋರರ್, ಸ್ವಯಂಸೇವಕರಾಗಿ ನಿಮ್ಮ ಸೇವೆ ನಮಗೆ ಅಮೂಲ್ಯ. ಕೆಳಗೆ ಒಂದು ನಗುಮುಖ. ಅದರ ಕೆಳಗೆ, ಸಮೋಸ ಎಷ್ಟು ಹೊತ್ತಿಗೆ ತರುತ್ತೀರಿ ಎಂಬ ಪ್ರಶ್ನೆ.

ಪೂರ್ವಿ ಊಟದ ಮೇಜಿನಲ್ಲಿ ಅದನ್ನು ಓದಿ ಫೋನ್ ಕೆಳಗಿಟ್ಟಳು. "ಅಮ್ಮಾ, ಜಸ್ಟ್ ಲೀವ್ ದೆಮ್. ಫೈಂಡ್ ಅನದರ್ ಕ್ಲಬ್" ಎಂದಳು.

"ನಾ ಯಾಕ ಬಿಡ್ಲಿ? ಅವರಕಿಂತ ಮೊದಲ ಬಂದಾಕಿ ನಾ" ಎಂದಳು ಲೀಲಾ, ಅನ್ನ ಬಡಿಸುತ್ತಲೇ.

ಹಳೆಯ ಸ್ಕೋರ್ ಪುಸ್ತಕಗಳನ್ನು ಹುಡುಕಲು ಇಬ್ಬರೂ ಒಂದು ಶನಿವಾರ ಬೆಳಿಗ್ಗೆ ಕ್ಲಬ್ಬಿಗೆ ಹೋದೆವು. ಮೂರು ವರ್ಷದ ಹಿಂದೆ ಕ್ಲಬ್ ಕಟ್ಟಡ ದುರಸ್ತಿ ಮಾಡಿಸಿದಾಗ ಹಳೆಯ ಪುಸ್ತಕಗಳನ್ನೆಲ್ಲ ಕಸದ ತೊಟ್ಟಿಗೆ ಹಾಕಿಸಿದರಂತೆ. ಕಬ್ಬಿಣದ ಕಪಾಟಿನ ತಳದಲ್ಲಿ ಎರಡು ಪುಸ್ತಕ ಮಾತ್ರ ಉಳಿದಿದ್ದವು. ಅದರಲ್ಲಿ 2003ರ ಸೀಸನ್ನಿನದು ಒಂದು. ನನ್ನದೇ ಕೈಬರಹ. ಪ್ರತಿ ಪುಟದಲ್ಲೂ ಎಲ್. ಹೊಸಮನಿ, ಎರಡು.

ಗೋಡೆಯ ಮೇಲೆ ಫೈನಲ್ ಗೆದ್ದ ತಂಡದ ಫೋಟೋ ಇತ್ತು. ಎಷ್ಟೋ ಸಲ ನೋಡಿದ ಫೋಟೋ, ಕೆಳಗಿನ ಸಾಲುಗಳನ್ನು ಓದಿದ್ದು ಅಂದೇ ಮೊದಲು. ಮುಂದಿನ ಸಾಲಿನಲ್ಲಿ ಮಧ್ಯೆ ಲೀಲಾ. ಎದೆಗೆ ಕವಚ, ಮೊಣಕಾಲಿಗೆ ಕವಚ, ಜಾಲರಿಯನ್ನು ತಲೆಯ ಮೇಲೆ ಎತ್ತಿಕೊಂಡಿದ್ದಾಳೆ. ಬಲಗೈಗೆ ಬಿಳಿ ಪಟ್ಟಿ. ಅವಳ ಹೆಸರಿನ ಮುಂದೆ ಸ್ಕೋರರ್ ಎಂದು ಅಚ್ಚಾಗಿತ್ತು. ಸ್ಕೋರ್ ಬರೆಯಲು ಎದೆಗೆ ಕವಚ ಯಾಕೆ ಬೇಕು ಎಂದು ಇಪ್ಪತ್ತೊಂದು ವರ್ಷದಲ್ಲಿ ಒಬ್ಬರೂ ಕೇಳಿರಲಿಲ್ಲ. ನಾನೂ ಕೇಳಿರಲಿಲ್ಲ. ಲೀಲಾ ಗಾಜಿನ ಮೇಲಿನ ಧೂಳನ್ನು ತೋಳಿನಿಂದ ಒರೆಸಿ, "ನೋಡು, ಎಷ್ಟು ತೆಳ್ಳಗಿದ್ದೆ" ಎಂದಷ್ಟೇ ಹೇಳಿದಳು.

ಏಪ್ರಿಲಿನ ಕೊನೆಯ ಭಾನುವಾರ ಮಧ್ಯಾಹ್ನ ಸದಸ್ಯರ ಸಭೆ. ತನ್ನ ಏಳು ಸೀಸನ್ನನ್ನು ಕ್ಲಬ್ಬಿನ ಗೌರವ ಫಲಕಕ್ಕೆ ಸೇರಿಸಬೇಕೆಂದು ಲೀಲಾ ಕ್ರಮವಾಗಿ ಅರ್ಜಿ ಕೊಟ್ಟಿದ್ದಳು. ನಾನು ಹೇಮಿಗೆ ಫೋನ್ ಮಾಡಿದ್ದೆ. ಈಗ ಅವರಿಗೆ ಎಪ್ಪತ್ತೊಂಬತ್ತು, ಫಾಂಗರೇಯಲ್ಲಿ ಮಗಳ ಮನೆಯಲ್ಲಿದ್ದಾರೆ. ಎಲ್ಲ ಕೇಳಿ, ಸಭೆ ಯಾವತ್ತು ಎಂದು ಮಾತ್ರ ಕೇಳಿದರು. ಆ ದಿನ ಬೆಳಿಗ್ಗೆ ಬಸ್ಸು ಹತ್ತಿ, ಊರುಗೋಲು ಹಿಡಿದು, ಮೂರು ಗಂಟೆ ಪ್ರಯಾಣ ಮಾಡಿ ಬಂದರು.

ಸಭೆಯಲ್ಲಿ ಇಪ್ಪತ್ತೇಳು ಜನ. ಲೀಲಾ ಪುಸ್ತಕ ತೋರಿಸಿದಳು, ಗೋಡೆಯ ಫೋಟೋ ತೋರಿಸಿದಳು. ನಾನು ಎದ್ದು ನಿಂತು, ಈ ಬರಹ ನನ್ನದು, ಸ್ಕೋರರ್ ನಾನು, ಅವಳಲ್ಲ ಎಂದೆ. ಆಮೇಲೆ ಹೇಮಿ ಕೋಲಿನ ಮೇಲೆ ಭಾರ ಹಾಕಿ ಎದ್ದರು.

"ಸ್ಕೋರರ್ ಅಂತ ಗುರುತು ಹಾಕಲು ಹೇಳಿದವನು ನಾನು. ಅವಳಿಗೆ ಆಗ ಈ ದೇಶ ಗೊತ್ತಿರಲಿಲ್ಲ, ನನಗೆ ಗೊತ್ತಿತ್ತು. ಅದು ಸುಳ್ಳಾದರೆ ನನ್ನ ಸುಳ್ಳು. ಅವಳ ಆಟ ಸುಳ್ಳಲ್ಲ."

ಬ್ರೆಂಟ್ ಅವರಿಗೆ ಬಹಳ ಗೌರವದಿಂದ ಧನ್ಯವಾದ ಹೇಳಿದ. ಆಮೇಲೆ ಎರಡೂ ಕೈ ಮೇಜಿನ ಮೇಲಿಟ್ಟು, ಬೇಸರವಾದವನ ದನಿಯಲ್ಲಿ ಮಾತಾಡಿದ. "ಯಾರೂ ಲೀಲಾಳ ಕೊಡುಗೆಯನ್ನು ಅಲ್ಲಗಳೆಯುತ್ತಿಲ್ಲ. ಆದರೆ ಒಂದು ಯೋಚಿಸಿ. ನೋಂದಾಯಿಸದ ಆಟಗಾರ್ತಿಯನ್ನು ಇಳಿಸಿದ್ದೆವು ಎಂದು ನಾವೇ ಬರೆದು ಒಪ್ಪಿಕೊಂಡರೆ 2004ರ ಕಪ್ಪಿನ ಗತಿ ಏನು? ಅದನ್ನು ವಾಪಸು ಕೊಡಬೇಕಾಗಬಹುದು. ಲೀಲಾಗೂ ಅದು ಬೇಕಾಗಿರಲಿಕ್ಕಿಲ್ಲ."

ಕೋಣೆಯಲ್ಲಿ ಗುಜುಗುಜು ಶುರುವಾಯಿತು. ಕಪ್ಪಿನ ಮಾತು ಬಂದೊಡನೆ ಮುಖಗಳು ಬದಲಾದವು. ಇಷ್ಟು ಹೊತ್ತು ಅನ್ಯಾಯಕ್ಕೊಳಗಾದವಳು ಲೀಲಾ ಆಗಿದ್ದಳು. ಈಗ ಅವಳೇ ಕ್ಲಬ್ಬಿನ ಒಂದೇ ಕಪ್ಪನ್ನು ಕಿತ್ತುಕೊಳ್ಳಲು ಬಂದವಳಾಗಿಬಿಟ್ಟಳು. ಎರಡು ಮಾತಿನಲ್ಲಿ ಅಷ್ಟು ಕೆಲಸ ಮಾಡಿಬಿಟ್ಟ ಆ ಮನುಷ್ಯ.

ಲೀಲಾ ಕೂತಲ್ಲಿಂದ ಎದ್ದಳು. ಇಂಗ್ಲಿಷಿನಲ್ಲಿ ಅವಳು ನಿಧಾನವಾಗಿ, ಒಂದೊಂದೇ ಪದ ಜೋಡಿಸಿ ಮಾತಾಡುತ್ತಾಳೆ.

"ಆ ಕಪ್ ಗೆದ್ದಾಗ ಮೈದಾನದಲ್ಲಿ ಒಂಬತ್ತು ಜನ ಇದ್ದೆವು. ನಾನು ಆಡಿಲ್ಲ ಅಂದರೆ ಎಂಟು ಜನ ಗೆದ್ದ ಹಾಗಾಯಿತು. ಎಂಟು ಜನ ಗೆಲ್ಲಲು ಆಗುವುದಿಲ್ಲ. ನಾನು ಆಡಿದ್ದೇನೆ ಅಂದರೆ ಬರೆಯಿರಿ. ಕಪ್ಪನ್ನು ಇಟ್ಟುಕೊಂಡು ನನ್ನನ್ನು ಬಿಟ್ಟುಬಿಡುವುದು ಮಾತ್ರ ಬೇಡ."

ನನಗೆ ತಡೆಯಲಾಗಲಿಲ್ಲ. ಮೂರನೇ ಸಾಲಿನಲ್ಲಿ ಡೀನ್ ಕೂತಿದ್ದ. ನಾನು ಅವನ ಕಡೆ ತಿರುಗಿ, "ಡೀನ್, ನಿನ್ನ ಮೊದಲ ನಾಲ್ಕು ಸೀಸನ್ ನೀನು ಚೆಂಡೆಸೆದದ್ದು ಯಾರ ಮಿಟ್ಟಿಗೆ?" ಎಂದು ಕೇಳಿದೆ.

ಅವನು ತನ್ನ ಬೂಟು ನೋಡಿಕೊಂಡ. "ಲೀಲಾಳ ಮಿಟ್ಟಿಗೆ" ಎಂದ.

"ಅದನ್ನ ಅವರಿಗೆ ಹೇಳು."

"ಈಗ ಹೇಳಿದೆನಲ್ಲ. ಉಳಿದದ್ದು ಕಮಿಟಿಯ ಕೆಲಸ."

ಕೈ ಎತ್ತಿಸಿದರು. ಪರವಾಗಿ ಹತ್ತು, ವಿರುದ್ಧವಾಗಿ ಹದಿನಾಲ್ಕು. ಮೂವರು ಕೈ ಎತ್ತಲಿಲ್ಲ, ಅವರಲ್ಲಿ ಡೀನ್ ಒಬ್ಬ. ಬ್ರೆಂಟ್ ಕೂಡಲೇ ಒಂದು ಸಲಹೆ ಮುಂದಿಟ್ಟ. ಲೀಲಾಗೆ ಅತಿ ದೀರ್ಘಕಾಲದ ಸ್ವಯಂಸೇವಕಿ ಎಂಬ ವಿಶೇಷ ಫಲಕ ಕೊಡೋಣ, ಡೀನ್‌ನ ಊಟದ ದಿನವೇ ಕೊಡೋಣ. ಜನ ಚಪ್ಪಾಳೆ ತಟ್ಟಿದರು, ನೆಮ್ಮದಿಯಾದವರ ಚಪ್ಪಾಳೆ. ಲೀಲಾ ಬೇಡ ಎಂದಳು. ಎರಡನೇ ಸಲ ಕೇಳಿದಾಗಲೂ ಬೇಡ ಎಂದು, ಸ್ಕೋರ್ ಪುಸ್ತಕವನ್ನು ಚೀಲಕ್ಕೆ ಹಾಕಿಕೊಂಡಳು.

ಪಾರ್ಕಿಂಗ್‌ಗೆ ಡೀನ್ ಹಿಂದೆಯೇ ಬಂದ. ನಲವತ್ತಮೂರು ವರ್ಷದ ಗಂಡಸು, ಕಣ್ಣು ಕೆಂಪಾಗಿತ್ತು. ಕ್ಷಮಿಸು ಎಂದ. ನಾನು ಕೇಳಿ ಪಡೆದದ್ದಲ್ಲ, ಅವರಾಗಿ ಕೊಡುತ್ತಿದ್ದಾರೆ, ನನ್ನ ಅಮ್ಮ ಆಗಲೇ ಕ್ರೈಸ್ಟ್‌ಚರ್ಚ್‌ನಿಂದ ಟಿಕೆಟ್ ತೆಗೆದಿದ್ದಾಳೆ ಎಂದ.

"ನನಗೆ ಹೇಳಬೇಡ. ಒಳಗೆ ಎಲ್ಲರೂ ಇದ್ದಾರೆ. ಅಲ್ಲಿ ಹೋಗಿ ಹೇಳು" ಎಂದಳು ಲೀಲಾ.

ಅವನು ಕಟ್ಟಡದ ಕಡೆ ಒಮ್ಮೆ ನೋಡಿದ. ಆಮೇಲೆ ತನ್ನ ಕಾರಿನ ಕಡೆ ಹೋದ. ಅವನು ಕೆಟ್ಟವನಲ್ಲ ಎಂದು ಲೀಲಾ ಇವತ್ತಿಗೂ ವಾದಿಸುತ್ತಾಳೆ. ಇರಬಹುದು. ಆದರೆ ಇಪ್ಪತ್ತು ಹೆಜ್ಜೆ ನಡೆಯಲು ಆಗದವನ ಒಳ್ಳೆಯತನವನ್ನು ಏನು ಮಾಡುವುದೆಂದು ನನಗೆ ಗೊತ್ತಿಲ್ಲ.

ಹೇಮಿಯನ್ನು ನಾವೇ ಬಸ್ ಸ್ಟ್ಯಾಂಡಿಗೆ ಬಿಟ್ಟೆವು. ಇಳಿಯುವಾಗ, ಅವತ್ತೇ ಆ ಫಾರಂ ಹರಿದುಹಾಕಿ ಲೀಗ್ ಕಚೇರಿಯ ಬಾಗಿಲು ಬಡಿಯಬೇಕಿತ್ತು ನಾನು ಎಂದರು. ಲೀಲಾ ಅವರ ಕೈ ಹಿಡಿದುಕೊಂಡಳು. ಅವರ ಕೈಯೂ ಅವಳ ಕೈಯ ಹಾಗೆಯೇ, ಎಲ್ಲ ಬೆರಳೂ ಒಂದೊಂದು ದಿಕ್ಕಿಗೆ.

ಮೇ ತಿಂಗಳ ಊಟ ನಡೆಯಿತು. ಡೀನ್‌ನ ಜರ್ಸಿಗೆ ಚೌಕಟ್ಟು ಹಾಕಿ ಕೊಟ್ಟರು. ಲೀಲಾ ಹೋಗಲಿಲ್ಲ. ಸಮೋಸವನ್ನು ಅಂಗಡಿಯಿಂದ ತರಿಸಿದರೆಂದು ಆಮೇಲೆ ತಿಳಿಯಿತು. ಅಂದು ಅವಳು ಮನೆಯಲ್ಲೇ ಇದ್ದಳು, ಗ್ಯಾರೇಜಿನಲ್ಲಿ ಬಾತುಕೋಳಿಯ ನಡಿಗೆ ಮಾಡುತ್ತಿದ್ದಳು. ನಾನು ಹೋದಾಗ ಬೆವರು ಒರೆಸಿಕೊಳ್ಳುತ್ತ, "ಅಕ್ಟೋಬರ್ ಬರಾಕ ಇನ್ನ ಐದ ತಿಂಗಳು. ಮಂಡಿ ಬಿಗದಾವ" ಎಂದಳು.

"ಇನ್ನೂ ಅಲ್ಲೇ ಆಡ್ತೀಯಾ? ನಾಚಿಕೆ ಆಗಲ್ವಾ ಅವರ ಜೊತೆ?"

"ನಾಚಿಕಿ ಅವರಿಗೆ ಆಗಬೇಕು. ನನಗ್ಯಾಕ ಆಗಬೇಕು?"

ಇಲ್ಲಿಗೇ ಮುಗಿಯುತ್ತಿತ್ತೇನೋ. ಮುಗಿಯದಂತೆ ಮಾಡಿದ್ದು ಕ್ಲಬ್ಬಿನ ಮಹಿಳಾ ತಂಡ. ಆ ತಂಡ ಹುಟ್ಟಿ ಎಂಟು ವರ್ಷವಾಗಿದೆ. ಅವರಿಗೆ ಕೂರುವುದು, ಹಿಡಿಯುವುದು, ಎರಡನೇ ಬೇಸಿಗೆ ಎಸೆಯುವುದು ಕಲಿಸಿದ್ದೆಲ್ಲ ಲೀಲಾ. ಏಪ್ರಿಲಿನ ಸಭೆಯ ದಿನ ಅವರು ಹ್ಯಾಮಿಲ್ಟನ್‌ನಲ್ಲಿ ಪಂದ್ಯ ಆಡುತ್ತಿದ್ದರು. ಆ ಭಾನುವಾರವನ್ನೇ ಸಭೆಗೆ ಆರಿಸಿದ್ದು ಆಕಸ್ಮಿಕ ಎಂದು ಬ್ರೆಂಟ್ ಹೇಳುತ್ತಾನೆ. ವಿಷಯ ತಿಳಿದ ಮೇಲೆ ತಂಡದ ನಾಯಕಿ ನಿಧಿ ಲೀಲಾಳ ಮನೆಗೆ ಬಂದಳು. ನಿಧಿ ಬೆಂಗಳೂರಿನವರ ಮಗಳು, ಇಲ್ಲೇ ಹುಟ್ಟಿದವಳು, ಕನ್ನಡ ಅರ್ಥವಾಗುತ್ತದೆ, ಮಾತಾಡುವುದಿಲ್ಲ.

"ಆಂಟಿ, ವೈ ಡಿಡಂಟ್ ಯು ಟೆಲ್ ಅಸ್?" ಎಂದು ಕೇಳಿದಳು.

"ನಿಮ್ಮ ಪಂದ್ಯ ಇತ್ತಲ್ಲವಾ. ಅದನ್ನ ಬಿಟ್ಟು ಬರ್ರಿ ಅಂತ ಹೆಂಗ ಹೇಳ್ಲಿ."

ಜುಲೈಯಲ್ಲಿ ಹೊಸ ಸೀಸನ್ನಿನ ನೋಂದಣಿ ಶುರುವಾದಾಗ ಮಹಿಳಾ ತಂಡದ ಹದಿನಾರು ಜನರಲ್ಲಿ ಒಬ್ಬರೂ ಹೆಸರು ಕೊಡಲಿಲ್ಲ. ಲೀಲಾಳ ಏಳು ಸೀಸನ್ ಫಲಕದ ಮೇಲೆ ಬಂದ ದಿನ ನಾವು ಸಹಿ ಹಾಕುತ್ತೇವೆ ಎಂದು ಒಂದು ಸಾಲು ಬರೆದು ಕಳಿಸಿದರು. ಲೀಲಾ ಹೇಳಿಸಿದ್ದಲ್ಲ. ಕೇಳಿದ್ದರೆ ಬೇಡ ಎನ್ನುತ್ತಿದ್ದಳು, ಅದಕ್ಕೇ ಅವರು ಕೇಳಲಿಲ್ಲ. ನಗರಸಭೆ ಮೈದಾನ ಹಂಚುವಾಗ ಮಹಿಳಾ ತಂಡವಿದ್ದವರಿಗೇ ಮೊದಲು ಕೊಡುತ್ತದೆ, ಆ ತಂಡ ಇಲ್ಲದೆ ಹೋದರೆ ಕ್ಲಬ್ಬಿಗೆ ಆ ಮೈದಾನ ಸಿಗುವುದೇ ಕಷ್ಟವಿತ್ತು. ಏಪ್ರಿಲಿನಲ್ಲಿ ಅಸಾಧ್ಯವಾಗಿದ್ದು ಆಗಸ್ಟಿನಲ್ಲಿ ಮೂರು ವಾರದೊಳಗೆ ಸಾಧ್ಯವಾಯಿತು, ಕಮಿಟಿಯವರೇ ಕೈ ಎತ್ತಿ ಹೊಸ ಫಲಕಕ್ಕೆ ಒಪ್ಪಿದರು. ಕಪ್ ಎಲ್ಲಿಗೂ ಹೋಗಲಿಲ್ಲ. ಅದನ್ನು ವಾಪಸು ಕೇಳುವವರು ಯಾರೂ ಇರಲಿಲ್ಲ, ಎಂದೂ ಇರಲಿಲ್ಲ. ಅದು ಬರೀ ಬೆದರಿಕೆ.

ಹೊಸ ಫಲಕ ನೋಡಲು ನಾವಿಬ್ಬರೂ ಹೋದೆವು. ಮರದ ಹಲಗೆ, ಚಿನ್ನದ ಬಣ್ಣದ ಅಕ್ಷರ. ಎಲ್. ಹೊಸಮನಿ, ಇಪ್ಪತ್ತಾರು ಸೀಸನ್. ಡೀನ್‌ನ ಹೆಸರಿಗಿಂತ ಮೇಲೆ. ನನ್ನ ಕಣ್ಣಲ್ಲಿ ನೀರು ಬರುವುದರಲ್ಲಿತ್ತು. ಆಗ ಅವಳ ಹೆಸರಿನ ಪಕ್ಕದಲ್ಲಿ ಒಂದು ಸಣ್ಣ ನಕ್ಷತ್ರ ಕಂಡಿತು. ಹಲಗೆಯ ಕೆಳಗೆ, ಬಗ್ಗಿ ನೋಡಿದರೆ ಮಾತ್ರ ಕಾಣುವಷ್ಟು ಸಣ್ಣ ಅಕ್ಷರದಲ್ಲಿ, ಅಧಿಕೃತವಲ್ಲದ ಸೀಸನ್‌ಗಳೂ ಸೇರಿವೆ ಎಂದು ಬರೆದಿತ್ತು. ಇಡೀ ಫಲಕದಲ್ಲಿ ನಲವತ್ತು ಹೆಸರಿವೆ. ನಕ್ಷತ್ರ ಇರುವುದು ಒಂದಕ್ಕೇ.

ನಾನು ಬ್ರೆಂಟ್‌ಗೆ ಅಲ್ಲಿಂದಲೇ ಫೋನ್ ಮಾಡಲು ಹೊರಟೆ. ಲೀಲಾ ತಡೆದಳು. ಬಿಟ್ಟುಬಿಡು ಎನ್ನಲಿಲ್ಲ. ಬೇರೆ ಏನೋ ಲೆಕ್ಕ ಹಾಕುತ್ತಿದ್ದಳು.

ಆಗಸ್ಟಿನ ಕೊನೆಗೆ ವಾರ್ಷಿಕ ಸಭೆಯಲ್ಲಿ ಅವಳು ಕ್ಲಬ್ಬಿನ ರಿಜಿಸ್ಟ್ರಾರ್ ಕೆಲಸಕ್ಕೆ ಹೆಸರು ಕೊಟ್ಟಳು. ಆಟಗಾರರ ನೋಂದಣಿ, ದಾಖಲೆ, ಫಲಕ ಎಲ್ಲ ನೋಡಿಕೊಳ್ಳುವ ಕೆಲಸ. ಬರೀ ತಲೆನೋವು, ಅದಕ್ಕೆ ಯಾರೂ ನಿಲ್ಲುವುದಿಲ್ಲ. ಈ ವರ್ಷವೂ ಬೇರೆ ಯಾರೂ ನಿಲ್ಲಲಿಲ್ಲ. ಬ್ರೆಂಟ್ ಅವಳ ಬೆನ್ನು ತಟ್ಟಿ ಬೀಗದಕೈ ಕೊಟ್ಟ.

"ಇನ್ನೇನು, ಆ ನಕ್ಷತ್ರ ನೀನೇ ತೆಗೆದುಬಿಡು. ಒಂದು ಬ್ಲೇಡ್ ಸಾಕು" ಎಂದೆ ನಾನು.

"ಇಲ್ಲ. ನಾ ತೆಗದ್ರ ಲೀಲಾ ತನ್ನ ಹೆಸರು ತಾನ ತಿದ್ದಿಕೊಂಡ್ಲು ಅಂತಾರ. ಹಾಕಿದವರ ತೆಗೀಬೇಕು. ಕೈ ಎತ್ತಿ ಹಾಕ್ಯಾರ, ಕೈ ಎತ್ತೇ ತೆಗೀಲಿ."

ಪ್ರತಿ ತಿಂಗಳೂ ಕಮಿಟಿ ಸಭೆಯ ವಿಷಯ ಪಟ್ಟಿಯಲ್ಲಿ ಅವಳು ಆ ನಕ್ಷತ್ರದ ವಿಷಯವನ್ನು ಮೊದಲನೆಯದಾಗಿ ಬರೆಯುತ್ತಾಳೆ. ಸೆಪ್ಟೆಂಬರಿನಲ್ಲಿ ಸಮಯ ಸಾಲಲಿಲ್ಲ ಎಂದು ಮುಂದೂಡಿದರು. ಅಕ್ಟೋಬರಿನಲ್ಲಿ ಕೋರಂ ಇಲ್ಲ ಎಂದರು. ನವೆಂಬರಿನ ಪಟ್ಟಿಯನ್ನು ಅವಳು ನಿನ್ನೆ ಕಳಿಸಿದ್ದಾಳೆ. ಈ ನಡುವೆ ಆರು ಭಾನುವಾರ ಪ್ಲೇಟಿನ ಹಿಂದೆ ಕೂತಿದ್ದಾಳೆ. ಡೀನ್ ಈ ಸೀಸನ್ನೂ ಪಿಚರ್. ಅವಳು ಕಾಲ ನಡುವೆ ಬೆರಳು ತೋರಿಸುತ್ತಾಳೆ, ಅವನು ತಲೆಯಾಡಿಸುತ್ತಾನೆ, ಅವಳು ಹೇಳಿದ ಕಡೆಗೇ ಎಸೆಯುತ್ತಾನೆ. ಆಟ ಬಿಟ್ಟು ಬೇರೆ ಮಾತು ಅವರಿಬ್ಬರ ನಡುವೆ ಇಲ್ಲ.